ಕರ್ತೃವಿಲ್ಲದ ವಾಕ್ಯ, ಲೆಕ್ಕವಿಲ್ಲದ ಹೊಗೆ

ವಿಮರ್ಶೆಯೆಂಬುದು ಕಾವ್ಯ, ನಾಟಕ, ಕಾದಂಬರಿಗಳಿಗೆ ಮಾತ್ರ ಸಲ್ಲತಕ್ಕ ಕೆಲಸವೆಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ನಗರಸಭೆಯ ಮುಂಗಡಪತ್ರ, ಅದರ ಪ್ರಕಟಣೆ, ಜಿಲ್ಲಾಡಳಿತದ ಯೋಜನಾ ವರದಿ ಇವುಗಳನ್ನು ಯಾರೂ ಬರಹವೆಂದು ಓದುವುದಿಲ್ಲ. ಗುಮಾಸ್ತರು ಬರೆಯುತ್ತಾರೆ, ಅಧಿಕಾರಿಗಳು ರುಜು ಹಾಕುತ್ತಾರೆ, ಕಾಗದ ಕಡತವನ್ನು ಸೇರುತ್ತದೆ. ಆದರೆ ಒಂದು ಊರಿನ ಜನ ಎಂಥ ನೀರು ಕುಡಿಯಬೇಕು, ಎಂಥ ಗಾಳಿ ಸೇವಿಸಬೇಕು, ರಾತ್ರಿ ಎಷ್ಟು ಬೆಳಕಿನಲ್ಲಿ ನಡೆಯಬೇಕು ಎಂಬುದನ್ನು ನಿರ್ಧರಿಸುವ ಬರಹ ಇದೇ. ಒಂದು ಕೆಟ್ಟ ಪದ್ಯದಿಂದ ಓದುಗನಿಗೆ ಆಗುವ ನಷ್ಟ ಅರ್ಧಗಳಿಗೆಯದು. ಒಂದು ಕೆಟ್ಟ ಠರಾವಿನಿಂದ ಊರಿಗೆ ಆಗುವ ನಷ್ಟ ಹತ್ತು ವರ್ಷದ್ದು. ಹೀಗಿರುವಾಗ ಈ ಗದ್ಯವನ್ನು ಪರೀಕ್ಷೆಗೆ ಒಡ್ಡುವುದು ಅಪರಾಧವೇನೂ ಅಲ್ಲ.

ಈಚಿನ ವರ್ಷಗಳಲ್ಲಿ ಈ ಬಗೆಯ ಬರಹಕ್ಕೆ ಹೊಸದೊಂದು ವಸ್ತು ದೊರೆತಿದೆ. ೨೦೨೧ರ ನವೆಂಬರಿನಲ್ಲಿ ಗ್ಲಾಸ್ಗೋ ನಗರದ ಸಮ್ಮೇಳನದಲ್ಲಿ, ೨೦೭೦ರ ಹೊತ್ತಿಗೆ ತಾನು ಹೊರಬಿಡುವ ಇಂಗಾಲದ ನಿವ್ವಳ ಪ್ರಮಾಣವನ್ನು ಸೊನ್ನೆಗೆ ಇಳಿಸುವುದಾಗಿ ಭಾರತ ಮಾತು ಕೊಟ್ಟಿತು. ೨೦೨೩ರ ನವೆಂಬರಿನಲ್ಲಿ ಬೆಂಗಳೂರು ಮಹಾನಗರ ಪಾಲಿಕೆ ತನ್ನದೇ ಹವಾಮಾನ ಕ್ರಿಯಾಯೋಜನೆಯನ್ನು ಪ್ರಕಟಿಸಿ, ೨೦೫೦ನ್ನು ಗಡುವಾಗಿ ಇಟ್ಟುಕೊಂಡಿತು. ಲೋಕದ ಮಾತು ದೇಶಕ್ಕೂ, ದೇಶದ ಮಾತು ರಾಜಧಾನಿಗೂ ಬಂದ ಮೇಲೆ, ಅಲ್ಲಿಂದ ಮುಂದೆ ಎಲ್ಲಿಗೆ? ೨೦೦೭ರಲ್ಲಿ ಕೋಲಾರದಿಂದ ಬೇರೆಯಾದ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಂಬ ನಾಲ್ಕು ನಗರಸಭೆಗಳಿವೆ. ತಮ್ಮ ಎಲ್ಲೆಯೊಳಗಿನ ಇಂಗಾಲವನ್ನು ಇವು ಹೇಗೆ ತಗ್ಗಿಸಬಲ್ಲವು ಎಂಬ ಪ್ರಶ್ನೆ ಇನ್ನು ತಪ್ಪಿಸಿಕೊಳ್ಳುವಂಥದ್ದಲ್ಲ. ಇದು ಎಂಜಿನಿಯರರ ಪ್ರಶ್ನೆಯೆಂದು ವಾಚಕರು ಭಾವಿಸಬಹುದು. ಅರ್ಧ ನಿಜ. ಉಳಿದರ್ಧ ಭಾಷೆಯ ಪ್ರಶ್ನೆ.

ಮೊದಲು ಶಬ್ದವನ್ನೇ ನೋಡೋಣ. ‘ಇಂಗಾಲ’ ಹೊಸ ಪದವೇನಲ್ಲ. ಸಂಸ್ಕೃತದ ‘ಅಂಗಾರ’ ಪ್ರಾಕೃತದಲ್ಲಿ ‘ಇಂಗಾಲ’ವಾಯಿತು, ನಮ್ಮ ಹಳೆಯ ಕವಿಗಳಿಗೆ ‘ಇಂಗಳ’ವೆಂದರೆ ಉರಿಯುವ ಕೆಂಡ. ಕೈಗೆ ತಗುಲಿದರೆ ಸುಡುವ ವಸ್ತು ಅದು. ಈಗ ಅದು ವರದಿಯೊಳಗೆ ತಣ್ಣಗೆ ಕುಳಿತಿದೆ. ಇದರ ಜೊತೆಗೆ ‘ಇಂಗಾಲದ ಹೆಜ್ಜೆಗುರುತು’ ಎಂಬ ಇನ್ನೊಂದು ಮಾತು ಬಂದಿದೆ. ಕನ್ನಡದಲ್ಲಿ ಹೆಜ್ಜೆಗುರುತು ಎಂದರೆ ಹಿರಿಯರು ನಡೆದ ದಾರಿ. ಅದನ್ನು ಅಳಿಸಬೇಕೆಂದು ಯಾರೂ ಹೇಳುವುದಿಲ್ಲ, ಅದರಲ್ಲಿ ನಡೆಯಬೇಕೆಂದು ಹೇಳುತ್ತಾರೆ. ಆದ್ದರಿಂದ ‘ಹೆಜ್ಜೆಗುರುತನ್ನು ಕಡಿಮೆ ಮಾಡಿರಿ’ ಎಂದು ಬರೆದರೆ ಓದುವವನಿಗೆ ಅರ್ಥವೂ ಆಗದು, ಮನಸ್ಸೂ ತಾಗದು. ನನ್ನ ಮಟ್ಟಿಗೆ ‘ಹೊಗೆಯ ಲೆಕ್ಕ’ ಎಂಬುದೇ ಸಾಕು. ಚಿಂತಾಮಣಿಯ ಕಡೆ ಅರ್ಧ ಜನ ಮನೆಯಲ್ಲಿ ತೆಲುಗು ಆಡುತ್ತಾರೆ; ಕೈವಾರದ ತಾತಯ್ಯನವರು ಎರಡೂ ಭಾಷೆಗಳಲ್ಲಿ ಹಾಡಿದ ಸೀಮೆ ಅದು. ಹಳಗನ್ನಡದ ‘ಪೊಗೆ’, ಹೊಸಗನ್ನಡದ ‘ಹೊಗೆ’, ತೆಲುಗಿನ ‘ಪೊಗ’ ಎಲ್ಲವೂ ಒಂದೇ ಒಲೆಯಿಂದ ಎದ್ದವು. ಇಂಗಾಲಾಮ್ಲ ಕಣ್ಣಿಗೆ ಕಾಣುವುದಿಲ್ಲ, ಹೊಗೆ ಕಾಣುತ್ತದೆ ಎಂದು ವಿಜ್ಞಾನಿಗಳು ಆಕ್ಷೇಪಿಸಬಹುದು. ಆಕ್ಷೇಪ ಸರಿಯೇ. ಆದರೂ ಕಾಣುವ ಹೊಗೆಯಿಂದ ಕಾಣದ ಹೊಗೆಗೆ ಓದುಗನನ್ನು ಕರೆದೊಯ್ಯಬಹುದು. ಕಾಣದ ಹೆಜ್ಜೆಯಿಂದ ಎಲ್ಲಿಗೂ ಕರೆದೊಯ್ಯಲಾಗದು.

ಎರಡನೆಯದಾಗಿ, ನಮ್ಮ ಸಾಹಿತ್ಯದ ಒಂದು ಅಭ್ಯಾಸವೂ ಇಲ್ಲಿ ಅಡ್ಡ ಬಂದಿದೆ. ಕನ್ನಡದಲ್ಲಿ ನಿಸರ್ಗವೆಂದೊಡನೆ ಮಲೆನಾಡು. ಕುವೆಂಪು ಅವರ ಕಾದಂಬರಿಗಳು, ಕಾರಂತರ ‘ಬೆಟ್ಟದ ಜೀವ’, ತೇಜಸ್ವಿಯವರ ‘ಕರ್ವಾಲೊ’ ನಮಗೆ ಕಾಡನ್ನು ನೋಡುವ ಕಣ್ಣು ಕೊಟ್ಟವು. ಇದು ಸಣ್ಣ ಉಪಕಾರವಲ್ಲ. ಆದರೆ ಅದೇ ಕಣ್ಣಿನಿಂದ ಬಯಲುಸೀಮೆಯ ಪೇಟೆಯನ್ನು ನೋಡಹೊರಟಾಗ ನಮಗೆ ಅಲ್ಲಿ ‘ಪರಿಸರ’ವೇ ಕಾಣುವುದಿಲ್ಲ. ಒಣಗಿದ ಕೆರೆ, ಪಂಪುಮನೆ, ಕಸದ ಗುಡ್ಡೆ, ಬೀದಿದೀಪ ಇವು ಪರಿಸರವೆಂದು ಯಾರಿಗೂ ತೋರುವುದಿಲ್ಲ. ಆದ್ದರಿಂದಲೇ ನಗರಸಭೆಯೊಂದು ಪರಿಸರದ ವಿಚಾರಕ್ಕೆ ಕೈಹಾಕಿದರೆ ಅದು ಸಸಿ ನೆಡುವುದರಲ್ಲಿ ಆರಂಭವಾಗಿ ಸಸಿ ನೆಡುವುದರಲ್ಲೇ ಮುಗಿಯುತ್ತದೆ. ಕಾಡನ್ನು ಊರಿಗೆ ತರುವುದೊಂದೇ ನಮಗೆ ಗೊತ್ತಿರುವ ಪ್ರಾಯಶ್ಚಿತ್ತ. ೧೯೫೦ರಲ್ಲಿ ಮುನ್ಷಿಯವರು ವನಮಹೋತ್ಸವವನ್ನು ಆರಂಭಿಸಿದಂದಿನಿಂದ ನಡೆದುಬಂದ ಪದ್ಧತಿ ಇದು.

ಸಸಿ ಬೇಡವೆಂದಲ್ಲ. ನೆರಳಿಗೆ ಬೇಕು, ನೀರು ಇಂಗುವುದಕ್ಕೆ ಬೇಕು, ಹಕ್ಕಿಗೆ ಬೇಕು. ಆದರೆ ಹೊಗೆಯ ಲೆಕ್ಕದಲ್ಲಿ ಅದರ ತೂಕವೆಷ್ಟು? ಚೆನ್ನಾಗಿ ಬೆಳೆದ ಮರವೊಂದು ವರ್ಷಕ್ಕೆ ಸ್ಥೂಲವಾಗಿ ೨೦ ಕೆ.ಜಿ. ಇಂಗಾಲಾಮ್ಲವನ್ನು ಹೀರುತ್ತದೆಂದು ಹಿಡಿಯುವುದು ವಾಡಿಕೆ. ಈಗ ಹಳೆಯ ೨೫೦ ವಾಟಿನ ಸೋಡಿಯಂ ಬೀದಿದೀಪವೊಂದನ್ನು ತೆಗೆದುಕೊಳ್ಳಿರಿ. ರಾತ್ರಿಗೆ ೧೧ ಗಂಟೆಯಂತೆ ಅದು ವರ್ಷಕ್ಕೆ ಸುಮಾರು ೧,೦೦೦ ಯೂನಿಟ್ ವಿದ್ಯುತ್ತನ್ನು ತಿನ್ನುತ್ತದೆ. ನಮ್ಮ ದೇಶದಲ್ಲಿ ಒಂದು ಯೂನಿಟ್ಟಿನ ಹಿಂದೆ ಸರಾಸರಿ ೦.೭ ಕೆ.ಜಿ.ಯಷ್ಟು ಇಂಗಾಲಾಮ್ಲ ಹೊರಬೀಳುತ್ತದೆ. ಆ ಕಂಬಕ್ಕೆ ೧೦೦ ವಾಟಿನ ಎಲ್‌ಇಡಿ ದೀಪ ಹಾಕಿದರೆ ವರ್ಷಕ್ಕೆ ೬೦೦ ಯೂನಿಟ್, ಅಂದರೆ ೪೨೦ ಕೆ.ಜಿ. ಉಳಿಯಿತು. ಒಂದು ಕಂಬದ ದೀಪ ಬದಲಾದರೆ ಇಪ್ಪತ್ತು ದೊಡ್ಡ ಮರಗಳ ಕೆಲಸವಾಯಿತು. ಅದೂ ಮರ ಬೆಳೆಯುವ ತನಕ ಕಾಯದೆ. ೨೦೧೫ರಲ್ಲಿ ಕೇಂದ್ರ ಸರ್ಕಾರ ಬೀದಿದೀಪಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿದ ಮೇಲೆ ಅನೇಕ ಊರುಗಳಲ್ಲಿ ದೀಪಗಳು ಬದಲಾದವು. ಆದರೆ ಹಾಡುಹಗಲಲ್ಲಿ ಉರಿಯುವ ಬೀದಿದೀಪ ಯಾರೂ ಕಾಣದ ದೃಶ್ಯವಲ್ಲ. ದೀಪ ಹೊಸದಾದರೆ ಸಾಲದು, ಅದನ್ನು ಆರಿಸುವವನೊಬ್ಬ ಬೇಕು.

ಆರಿಸುವವನು ಯಾರು? ಇಲ್ಲಿಗೆ ನಮ್ಮ ವಿಮರ್ಶೆಯ ಮುಖ್ಯ ವಿಷಯಕ್ಕೆ ಬಂದೆವು. ಸರ್ಕಾರಿ ಕನ್ನಡದ ಜೀವನಾಡಿಯಂತಿರುವ ಒಂದು ಕ್ರಿಯಾಪದವುಂಟು: ‘ಲಾಗುವುದು’. ‘ಕ್ರಮ ಕೈಗೊಳ್ಳಲಾಗುವುದು’, ‘ಅರಿವು ಮೂಡಿಸಲಾಗುವುದು’, ‘ಪರಿಶೀಲಿಸಲಾಗುವುದು’. ಈ ವಾಕ್ಯಗಳಲ್ಲಿ ಕರ್ಮವಿದೆ, ಕ್ರಿಯೆಯಿದೆ, ಕರ್ತೃವಿಲ್ಲ. ಕಾಲವೂ ಇಲ್ಲ, ಭವಿಷ್ಯತ್ ಕಾಲವಿದ್ದರೂ ಅದು ಎಂದೂ ಬಾರದ ಭವಿಷ್ಯತ್ತು. ನಮ್ಮ ಜನ ಆಡುವಾಗ ಕರ್ಮಣಿ ಪ್ರಯೋಗ ಮಾಡುವುದು ಅಪರೂಪ. ‘ಹಸು ಕರೆಯಲಾಗುವುದು’ ಎಂದು ಯಾವ ಮನೆಯಲ್ಲೂ ಹೇಳುವುದಿಲ್ಲ. ‘ಸಂಜೆಗೆ ನಾನು ಕರೀತೀನಿ’ ಎನ್ನುತ್ತಾರೆ. ಮನೆಯಲ್ಲಿ ಹೊಣೆಯಿದೆ, ಆದ್ದರಿಂದ ಕರ್ತೃವಿದ್ದಾನೆ. ಕಚೇರಿಯ ಭಾಷೆ ಹೊಣೆಯನ್ನು ಕಳಚಿಕೊಳ್ಳಲೆಂದೇ ಕರ್ತೃವನ್ನು ಕಳಚಿಕೊಂಡಿದೆಯೆಂದರೆ ಅತಿಶಯವಾಗಲಾರದು.

ಹೊಣೆಯ ವಿಚಾರದಲ್ಲಿ ಶಾಸನ ಮೌನವಾಗಿಲ್ಲ. ೧೯೬೪ರ ಕರ್ನಾಟಕ ಪೌರಸಭೆಗಳ ಅಧಿನಿಯಮ ಬೀದಿದೀಪ, ಚರಂಡಿ, ಕಸದ ವಿಲೇವಾರಿಗಳನ್ನು ಪುರಸಭೆಗಳ ಕರ್ತವ್ಯವೆಂದು ಹೇಳಿತು. ೧೯೯೩ರಲ್ಲಿ ಜಾರಿಗೆ ಬಂದ ಸಂವಿಧಾನದ ೭೪ನೆಯ ತಿದ್ದುಪಡಿ ಹನ್ನೆರಡನೆಯ ಅನುಸೂಚಿಯಲ್ಲಿ ೧೮ ವಿಷಯಗಳನ್ನು ಪಟ್ಟಿ ಮಾಡಿತು. ನಗರ ಅರಣ್ಯ ಮತ್ತು ಪರಿಸರ ರಕ್ಷಣೆ ಅವುಗಳಲ್ಲೊಂದು. ಆದ್ದರಿಂದ ಕೊರತೆ ಶಾಸನದ್ದಲ್ಲ, ವಾಕ್ಯದ್ದು. ಹಾಗಾದರೆ ಕರ್ತೃವುಳ್ಳ ವಾಕ್ಯಗಳು ಹೇಗಿರಬೇಕು? ನಾಲ್ಕು ಊರುಗಳನ್ನು ಮುಂದಿಟ್ಟುಕೊಂಡು ನೋಡೋಣ.

ಮೊದಲನೆಯದು ನೀರು. ಇದು ನದಿ ಹರಿಯುವ ಸೀಮೆಯಲ್ಲ. ಗೌರಿಬಿದನೂರಿನ ಬದಿಯ ಉತ್ತರ ಪಿನಾಕಿನಿ ವರ್ಷದ ಹೆಚ್ಚು ಕಾಲ ಬರಿಯ ಮರಳು. ಕೊಳವೆಬಾವಿಗಳು ಸಾವಿರ ಅಡಿಯನ್ನು ದಾಟಿ ಇಳಿದಿವೆ. ಸಾವಿರ ಲೀಟರ್ ನೀರನ್ನು ಸಾವಿರ ಅಡಿಯಿಂದ ಮೇಲೆತ್ತಲು, ಪಂಪು ಅರ್ಧದಷ್ಟು ದಕ್ಷತೆಯಲ್ಲಿ ಕೆಲಸ ಮಾಡಿದರೆ, ಒಂದೂವರೆ ಯೂನಿಟ್ಟಿಗೂ ಮಿಕ್ಕ ವಿದ್ಯುತ್ತು ಬೇಕು. ಅದರ ಹಿಂದಿನ ಹೊಗೆ ಒಂದು ಕೆ.ಜಿ.ಗೂ ಹೆಚ್ಚು. ನಲ್ಲಿಗೆ ಬರುವ ಮೊದಲೇ ಒಡೆದ ಕೊಳವೆಯಲ್ಲಿ ಸೋರಿಹೋದ ನೀರು ಬರಿಯ ನೀರಲ್ಲ, ಸೋರಿಹೋದ ಕಲ್ಲಿದ್ದಲು. ಹೀಗೆಂದ ಮೇಲೆ ಗೌರಿಬಿದನೂರಿನ ನಗರಸಭೆಯ ವಾಕ್ಯ ಹೀಗಿರಬಹುದು: ‘ನೀರು ಸರಬರಾಜು ವಿಭಾಗದ ಎಂಜಿನಿಯರರು ಮಾರ್ಚ್ ತಿಂಗಳೊಳಗೆ ಪ್ರತಿ ಪಂಪಿಗೂ ಮೀಟರ್ ಇರಿಸಿ, ಎತ್ತಿದ ನೀರೆಷ್ಟು, ಮನೆ ತಲುಪಿದ ನೀರೆಷ್ಟು ಎಂಬುದನ್ನು ಸಭೆಯ ಮುಂದಿಡುತ್ತಾರೆ.’ ಈ ವಾಕ್ಯದಲ್ಲಿ ಹವಾಮಾನವೆಂಬ ಶಬ್ದವೇ ಇಲ್ಲ. ಆದರೂ ಹವಾಮಾನಕ್ಕೆ ಇದಕ್ಕಿಂತ ಉಪಕಾರವಾದ ವಾಕ್ಯ ಕಡಿಮೆ.

ಇದರ ಜೊತೆಗೆ ಇನ್ನೊಂದು ಮಾತು. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಸುವ ಯೋಜನೆಯಿಂದ ಚಿಕ್ಕಬಳ್ಳಾಪುರದ ಕಂದವಾರ ಕೆರೆಯಂಥ ಕೆರೆಗಳು ತುಂಬಿದವು. ಸಂಸ್ಕರಣೆ ಸಾಲದೆಂಬ ವಿವಾದವೂ ಹುಟ್ಟಿತು. ಆ ವಿವಾದವನ್ನು ಪಕ್ಕಕ್ಕಿಟ್ಟರೂ ಒಂದು ಸಂಗತಿ ಉಳಿಯುತ್ತದೆ: ಅಷ್ಟು ದೂರದಿಂದ ನೀರನ್ನು ಎತ್ತಿ ತಳ್ಳಲು ವಿದ್ಯುತ್ತು ಬೇಕು. ಪರವೂರಿನ ಕೊಳಚೆಯನ್ನು ಪಂಪು ಮಾಡಿ ತರುವ ನಾವು ನಮ್ಮ ಊರಿನ ಕೊಳಚೆಯನ್ನು ಶುದ್ಧಿಮಾಡಿ ನಮ್ಮ ಕೆರೆಗೇ ಬಿಡುವುದು ಮನೆಯ ಲೆಕ್ಕಕ್ಕೂ ಹೊಗೆಯ ಲೆಕ್ಕಕ್ಕೂ ಮೇಲಲ್ಲವೆ?

ಎರಡನೆಯದು ಕಸ. ಚಿಕ್ಕಬಳ್ಳಾಪುರದಲ್ಲಿ ಹೂವಿನ ಮಾರುಕಟ್ಟೆ, ಚಿಂತಾಮಣಿಯಲ್ಲಿ ಟೊಮ್ಯಾಟೊ ಮಂಡಿ. ಬೆಲೆ ಬಿದ್ದ ದಿನ ಹೂವೂ ಹಣ್ಣೂ ರಸ್ತೆಯ ಬದಿಗೆ ಬೀಳುತ್ತವೆ. ರೈತನ ಸಂಕಟ ಅಲ್ಲಿಗೆ ಮುಗಿಯಿತೆಂದು ತೋರಿದರೂ ಕಸದ ಕಥೆ ಅಲ್ಲಿಂದ ಶುರು. ಹಸಿ ಕಸ ಗುಡ್ಡೆಯೊಳಗೆ ಗಾಳಿಯಿಲ್ಲದೆ ಕೊಳೆತಾಗ ಮೀಥೇನ್ ಹುಟ್ಟುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದರ ಶಾಖ ಹಿಡಿಯುವ ಶಕ್ತಿ ಇಂಗಾಲಾಮ್ಲದ ಸುಮಾರು ೨೮ ಪಟ್ಟು. ಅದೇ ಕಸ ಗಾಳಿಯಾಡುವಂತೆ ಕೊಳೆತರೆ ಗೊಬ್ಬರ. ಮುಚ್ಚಿದ ತೊಟ್ಟಿಯಲ್ಲಿ ಕೊಳೆತರೆ ಅಡಿಗೆ ಅನಿಲ. ೨೦೧೬ರ ಘನತ್ಯಾಜ್ಯ ನಿಯಮಗಳು ಹಸಿ ಕಸ, ಒಣ ಕಸಗಳನ್ನು ಮನೆಯಲ್ಲೇ ಬೇರ್ಪಡಿಸಬೇಕೆಂದು ವಿಧಿಸಿದವು. ಬೇರ್ಪಡಿಸಿದ್ದನ್ನು ಒಂದೇ ಗಾಡಿಗೆ ಸುರಿದರೆ ಗೃಹಿಣಿಯ ಶ್ರಮ ವ್ಯರ್ಥ. ಎರಡನೆಯ ಸಲ ಆಕೆ ಬೇರ್ಪಡಿಸುವುದೂ ಇಲ್ಲ.

ಈ ವಿಷಯದಲ್ಲಿ ದೂರದ ದೇಶಗಳ ಮಾದರಿ ಹುಡುಕಬೇಕಾಗಿಲ್ಲ. ನಮ್ಮ ಜಿಲ್ಲೆಯ ಬಾಗೇಪಲ್ಲಿಯಲ್ಲೇ ಒಂದು ಉದಾಹರಣೆಯಿದೆ. ಅಲ್ಲಿಯ ಕೂಲಿ ಸಂಘದ ೫,೫೦೦ ಗೋಬರ್ ಗ್ಯಾಸ್ ಘಟಕಗಳ ಯೋಜನೆ ೨೦೦೫ರಲ್ಲಿ ವಿಶ್ವಸಂಸ್ಥೆಯ ಇಂಗಾಲ ವ್ಯವಸ್ಥೆಯಲ್ಲಿ ನೋಂದಾಯಿತವಾಯಿತು. ಮನೆಗೊಂದು, ಎರಡು ಘನಮೀಟರಿನ ಪುಟ್ಟ ಘಟಕ. ಉಳಿದ ಸೌದೆ ಸೀಮೆಎಣ್ಣೆಗಳ ಲೆಕ್ಕ ಹಾಕಿ, ಹೊರದೇಶದಿಂದ ಹಣ ಬರುವಂತೆ ಏರ್ಪಾಡು. ಆ ಹಣದ ವ್ಯಾಪಾರದ ಬಗೆಗೆ ಭಿನ್ನಾಭಿಪ್ರಾಯ ಇರಬಹುದು: ಶ್ರೀಮಂತ ದೇಶ ತನ್ನ ಹೊಗೆಯನ್ನು ಉಳಿಸಿಕೊಂಡು ಬಡವಳ ಒಲೆಯಿಂದ ಪುಣ್ಯ ಕೊಳ್ಳುವುದು ಎಷ್ಟು ಸರಿ ಎಂದು ಕೇಳಲೇಬೇಕು. ಆದರೆ ಬರಹವಾಗಿ ಅದರಲ್ಲಿ ಒಂದು ಗುಣವಿತ್ತು. ಅಲ್ಲಿ ಕ್ರಿಯೆಗೆ ಕರ್ತೃವಿದ್ದಳು. ಆಕೆಯ ಮನೆಯಿತ್ತು, ಒಲೆಯಿತ್ತು, ಎಣಿಕೆಯಿತ್ತು. ಕೂಲಿಯವರ ಸಂಘಕ್ಕೆ ಸಾಧ್ಯವಾದ ಎಣಿಕೆ ನಗರಸಭೆಗೆ ಅಸಾಧ್ಯವಾಗಬೇಕಾಗಿಲ್ಲ.

ಮೂರನೆಯದು, ಮತ್ತು ಎಲ್ಲಕ್ಕಿಂತ ಕಠಿಣವಾದದ್ದು, ಶಿಡ್ಲಘಟ್ಟದ ಒಲೆ. ರಾಜ್ಯದ ಹೆಸರಾಂತ ರೇಷ್ಮೆಗೂಡಿನ ಮಾರುಕಟ್ಟೆ ಇಲ್ಲಿದೆ. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ, ಎಳೆಗಳನ್ನು ಹಿಡಿದಿರುವ ಅಂಟು ಸಡಿಲವಾದ ಮೇಲೆ ನೂಲು ಬಿಚ್ಚುತ್ತಾರೆ. ಕೆಲಸ ನಡೆಯುವಷ್ಟು ಹೊತ್ತೂ ನೀರು ಕಾಯುತ್ತಿರಬೇಕು, ಒಲೆ ಉರಿಯುತ್ತಿರಬೇಕು. ಉರಿಯುವುದು ಹೆಚ್ಚಾಗಿ ಸೌದೆ. ಆ ಸೌದೆಗೆ ಬದಲು ಮರ ಬೆಳೆದರೆ ಇಂಗಾಲದ ಲೆಕ್ಕ ಸರಿಹೋಯಿತೆನ್ನಬಹುದು. ಬೆಳೆಯದಿದ್ದರೆ ಅದು ಬರಿಯ ಸಾಲ. ಲೆಕ್ಕ ಏನೇ ಇರಲಿ, ಒಲೆಯ ಮುಂದೆ ಕುಳಿತವರ ಕಣ್ಣಿಗೂ ಶ್ವಾಸಕೋಶಕ್ಕೂ ಹೊಗೆ ಹೊಗೆಯೇ. ಇನ್ನೊಬ್ಬರ ಸೀರೆಗೆ ಹೊಳಪು ಕೊಡುವ ಕೈ ದಿನವೂ ಕುದಿನೀರಿನಲ್ಲಿ ಅದ್ದಿರುತ್ತದೆ.

ಪರಿಹಾರದ ದಾರಿ ಅಜ್ಞಾತವಲ್ಲ. ೧೯೭೪ರಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಭಾರತೀಯ ವಿಜ್ಞಾನ ಮಂದಿರದಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರ, ಕಡಿಮೆ ಸೌದೆಯಲ್ಲಿ ಹೆಚ್ಚು ಶಾಖ ಕೊಡುವ ಒಲೆಯನ್ನು ರೂಪಿಸಿ ಹಳ್ಳಿಗಳಿಗೆ ಒಯ್ದಿತು. ದೆಹಲಿಯ ಟೆರಿ ಸಂಸ್ಥೆ ರೇಷ್ಮೆ ನೂಲು ತೆಗೆಯುವ ಒಲೆಗೆಂದೇ ಸೌದೆಯನ್ನು ಅನಿಲವಾಗಿಸಿ ಉರಿಸುವ ಉಪಕರಣವನ್ನು ಸಿದ್ಧಪಡಿಸಿತು. ಬಿಸಿಲಿನಿಂದ ನೀರು ಕಾಯಿಸಿಕೊಂಡು ಒಲೆಗೆ ಕೊಟ್ಟರೂ ಸೌದೆ ಉಳಿಯುತ್ತದೆ. ಕಷ್ಟವಿರುವುದು ಬಂಡವಾಳದಲ್ಲಿ. ಗೂಡಿನ ಬೆಲೆ ದಿನಕ್ಕೊಂದು ಬಗೆ ಏರಿಳಿಯುವಾಗ ಸಣ್ಣ ರೀಲರ್ ಹೊಸ ಒಲೆಗೆ ಸಾಲ ಮಾಡಲು ಹಿಂಜರಿಯುವುದು ಸಹಜ.

ಇಲ್ಲಿಯೇ ವಾಕ್ಯ ಬರೆಯುವವನ ನೀತಿ ಪರೀಕ್ಷೆಗೆ ಬರುವುದು. ಉದ್ದಿಮೆಯ ಪರವಾನಗಿ ಕೊಡುವುದು ನಗರಸಭೆ. ‘ಹೊಗೆಯುಗುಳುವ ಘಟಕಗಳನ್ನು ಮುಚ್ಚಿಸಲಾಗುವುದು’ ಎಂದು ಬರೆಯಲು ಅರ್ಧ ನಿಮಿಷ ಸಾಕು. ಓದಲು ವೀರವಾಕ್ಯ, ಅದರ ಹಿಂದೆ ಸಾವಿರಾರು ಜನರ ಅನ್ನ. ಅದರ ಬದಲು, ‘ಒಲೆ ಬದಲಾಯಿಸುವ ಘಟಕಕ್ಕೆ ನಗರಸಭೆ ಮೂರು ವರ್ಷ ಪರವಾನಗಿ ಶುಲ್ಕ ಬಿಡುತ್ತದೆ, ರೇಷ್ಮೆ ಇಲಾಖೆಗೂ ಬ್ಯಾಂಕಿಗೂ ಅರ್ಜಿ ಬರೆದುಕೊಡಲು ಒಬ್ಬ ನೌಕರನನ್ನು ನೇಮಿಸುತ್ತದೆ’ ಎಂದು ಬರೆದರೆ? ಇದು ವೀರರಸದ ವಾಕ್ಯವಲ್ಲ. ಆದರೆ ಇದರಿಂದ ಹೊಗೆ ಇಳಿಯುತ್ತದೆ, ಒಲೆ ಆರುವುದಿಲ್ಲ. ಇಂಗಾಲವನ್ನು ತಗ್ಗಿಸುವ ಯಾವ ಯೋಜನೆಯಾದರೂ ಈ ಎರಡು ವಾಕ್ಯಗಳ ನಡುವಿನ ವ್ಯತ್ಯಾಸವನ್ನು ಅರಿಯದಿದ್ದರೆ ಅದು ಬಡವರ ಪಾಲಿಗೆ ಇನ್ನೊಂದು ದಂಡದ ಚೀಟಿಯಾಗುತ್ತದೆ.

ಈಗ ಬೆಂಗಳೂರಿನ ಯೋಜನೆಯ ಮಾತು. ಅದರಲ್ಲಿ ಕಲಿಯತಕ್ಕದ್ದಿದೆ. ಅದು ಉಪದೇಶದಿಂದಲ್ಲ, ಲೆಕ್ಕದಿಂದ ಹೊರಟಿತು. ಎಲ್ಲಿಂದ ಎಷ್ಟು ಎಂದು ಎಣಿಸಿದಾಗ, ಮನೆ ಮಳಿಗೆ ಕಚೇರಿಗಳ ಶಕ್ತಿಬಳಕೆಯೇ ದೊಡ್ಡ ಪಾಲೆಂದು ಕಂಡಿತು. ಬಳಿಕ ಕಟ್ಟಡ, ಸಾರಿಗೆ, ಕಸ, ಗಾಳಿ, ನೀರು, ಹಸಿರು, ವಿಪತ್ತು ಎಂದು ಏಳು ವಿಭಾಗ ಮಾಡಿತು. ಕ್ರಮ ಒಳ್ಳೆಯದು. ಆದರೆ ೨೦೨೫ರಲ್ಲಿ ಆ ಪಾಲಿಕೆಯೇ ಇಲ್ಲವಾಗಿ, ಅದರ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಐದು ಪಾಲಿಕೆಗಳೂ ಬಂದವು. ೨೦೫೦ಕ್ಕೆ ಮುಗಿಯಬೇಕಾದ ವಾಕ್ಯದ ಕರ್ತೃ ಎರಡೇ ವರ್ಷಕ್ಕೆ ಬದಲಾದ. ಹೊಸಬರು ಆ ವಾಕ್ಯವನ್ನು ಪೂರ್ಣಮಾಡಲಿ ಎಂದು ಹಾರೈಸೋಣ. ಸಣ್ಣ ಊರುಗಳಿಗೆ ಇದರಿಂದ ದೊರೆಯುವ ಪಾಠ ಸ್ಪಷ್ಟ: ಇಪ್ಪತ್ತೈದು ವರ್ಷದ ಭೀಷ್ಮಪ್ರತಿಜ್ಞೆಗಿಂತ ವರ್ಷವರ್ಷವೂ ತೀರಿಸಬಹುದಾದ ಸಣ್ಣ ಮಾತು ಮೇಲು.

ಆಕ್ಷೇಪಗಳಿಲ್ಲವೆಂದಲ್ಲ. ಭಾರತೀಯನೊಬ್ಬನ ಪಾಲಿನ ಇಂಗಾಲಾಮ್ಲ ವರ್ಷಕ್ಕೆ ಸುಮಾರು ೨ ಟನ್. ಅಮೆರಿಕದವನದು ಸುಮಾರು ೧೪ ಟನ್. ಲೋಕದ ಹೊಗೆಗೆ ಶಿಡ್ಲಘಟ್ಟ ಏಕೆ ತಲೆಕೊಡಬೇಕೆಂದು ಕೇಳುವವರ ಮಾತಿನಲ್ಲಿ ನ್ಯಾಯವಿದೆ. ಅದಕ್ಕೆ ಉತ್ತರವಿಷ್ಟೆ: ಇಲ್ಲಿ ಹೇಳಿದ ಒಂದೊಂದು ಕೆಲಸವೂ ಹವಾಮಾನದ ಮಾತೇ ಇಲ್ಲದಿದ್ದರೂ ಮಾಡಲೇಬೇಕಾದದ್ದು. ಸೋರುವ ಕೊಳವೆ, ಹಗಲು ಉರಿಯುವ ದೀಪ, ಕೊಳೆಯುವ ಕಸ, ಕಣ್ಣು ಕೆಡಿಸುವ ಒಲೆ ಇವುಗಳಿಂದ ಮೊದಲು ಕೆಡುವುದು ನಮ್ಮ ಊರೇ. ಇನ್ನೊಂದು ಆಕ್ಷೇಪ, ನಗರಸಭೆಗೆ ಅಧಿಕಾರವೆಲ್ಲಿದೆ ಎಂಬುದು. ವಿದ್ಯುತ್ತು ಬೆಸ್ಕಾಂನದು, ಮಂಡಿ ಎ.ಪಿ.ಎಂ.ಸಿ.ಯದು, ಗೂಡಿನ ಮಾರುಕಟ್ಟೆ ರೇಷ್ಮೆ ಇಲಾಖೆಯದು. ನಿಜ. ಆದರೆ ಕರ್ತೃ ಹಲವರಿದ್ದಾಗ ಒಬ್ಬೊಬ್ಬರ ಹೆಸರನ್ನೂ ಬರೆಯಬೇಕಾದ ಅಗತ್ಯ ಹೆಚ್ಚುತ್ತದೆ. ಎಲ್ಲರನ್ನೂ ‘ಲಾಗುವುದು’ ಎಂಬ ಕಂಬಳಿಯೊಳಗೆ ಮುಚ್ಚಲು ಅದು ನೆಪವಾಗಬಾರದು.

ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ೧೯೩೪ರಲ್ಲೇ ದೇಶಕ್ಕೊಂದು ಯೋಜಿತ ಅರ್ಥವ್ಯವಸ್ಥೆಯ ಪುಸ್ತಕ ಬರೆದರು. ಅಂಕಿಯಿಲ್ಲದ ಯೋಜನೆ ಅವರಿಗೆ ಯೋಜನೆಯೇ ಅಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಪ್ರಶ್ನಿಸದೆ ಯಾವುದನ್ನೂ ಒಪ್ಪಬಾರದೆಂದು ಬಾಳಿನುದ್ದಕ್ಕೂ ಕಲಿಸಿದರು. ಒಬ್ಬರದು ಲೆಕ್ಕ, ಇನ್ನೊಬ್ಬರದು ಪ್ರಶ್ನೆ. ಇವರಿಬ್ಬರ ಪ್ರತಿಮೆಗೆ ಹಾರ ಹಾಕುವ ಸೀಮೆಯ ನಗರಸಭೆಗಳು ವರ್ಷಕ್ಕೊಮ್ಮೆ ಒಂದೇ ಒಂದು ಪುಟವನ್ನು ಪ್ರಕಟಿಸಲಿ: ಈ ವರ್ಷ ಉರಿಸಿದ ವಿದ್ಯುತ್ತು ಇಷ್ಟು ಯೂನಿಟ್, ಗಾಡಿಗಳು ಕುಡಿದ ಡೀಸೆಲ್ ಇಷ್ಟು ಲೀಟರ್, ಗುಡ್ಡೆಗೆ ಸುರಿದ ಹಸಿ ಕಸ ಇಷ್ಟು ಟನ್, ಬದಲಾದ ಒಲೆಗಳು ಇಷ್ಟು, ಮುಂದಿನ ವರ್ಷ ಇದನ್ನು ಇಷ್ಟಕ್ಕೆ ಇಳಿಸುವವರು ಇಂಥ ಹುದ್ದೆಯವರು. ಕನ್ನಡದಲ್ಲಿ ಬರೆದು ಕಚೇರಿಯ ಬಾಗಿಲಲ್ಲಿ ಅಂಟಿಸಲಿ. ಒಂದು ಲೀಟರ್ ಡೀಸೆಲ್ ಎಂದರೆ ೨.೭ ಕೆ.ಜಿ. ಇಂಗಾಲಾಮ್ಲ ಎಂಬಂಥ ಗುಣಾಕಾರವನ್ನು ನಮ್ಮ ಹೈಸ್ಕೂಲಿನ ಹುಡುಗರು ಮಾಡಿಕೊಳ್ಳುತ್ತಾರೆ.

ಆ ಪುಟವನ್ನು ಓದುವ ಕೆಲಸ ಮಾತ್ರ ನಮ್ಮದು. ಯಾವ ವಾಕ್ಯದಲ್ಲಿ ಕರ್ತೃ ಇಲ್ಲವೋ ಅದರ ಕೆಳಗೆ ಗೆರೆ ಎಳೆದು, ‘ಯಾರು?’ ಎಂದು ಕೇಳುವ ಓದುಗರು ಊರಿಗೆ ಹತ್ತು ಜನ ಇದ್ದರೂ ಬರೆಯುವವರ ಕೈ ಬಿಗಿಯಾಗುತ್ತದೆ. ವ್ಯಾಕರಣವನ್ನು ನಾವು ಶಾಲೆಯಲ್ಲಿ ಕಲಿತದ್ದು ಪರೀಕ್ಷೆಗೆಂದು ಮಾತ್ರ ಅಲ್ಲದಿದ್ದರೆ, ಅದನ್ನು ಬಳಸಲು ಇದಕ್ಕಿಂತ ಒಳ್ಳೆಯ ಎಡೆ ಬೇರೆ ತೋರದು.